ಕೂಸಿನ ತಲೆ ಒಂದು ಕಡೆ ಚಪ್ಪಟೆ: ಹೆಲ್ಮೆಟ್ ಬೇಕೇ?

ತಾಯಿ, ಐದು ತಿಂಗಳ ಕೂಸಿಗೆ ಹೆಲ್ಮೆಟ್ ಎಂದರೆ ಯಾರ ಎದೆಯೂ ಝಲ್ಲೆನ್ನುತ್ತದೆ. ದಿನಕ್ಕೆ 23 ಗಂಟೆ ಹಾಕಬೇಕು. ನಿಮ್ಮೂರು ಆಲಮೇಲದ ಬಿಸಿಲಿಗೆ ಬೆವರುಗುಳ್ಳೆ ಬೇರೆ. 2014ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್ ಅಧ್ಯಯನ 84 ಕೂಸುಗಳನ್ನು ಎರಡು ವರ್ಷ ತುಂಬುವವರೆಗೆ ಗಮನಿಸಿತು: ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. (ತೀರಾ ಚಪ್ಪಟೆಯಾದ ತಲೆಗಳು ಆ ಲೆಕ್ಕದಲ್ಲಿರಲಿಲ್ಲ.) ಆದ್ದರಿಂದ ದುಡ್ಡು ಕಟ್ಟುವ ಅವಸರ ಬೇಡ.

ಬುರುಡೆಯ ಸಂದುಗಳು ಬೇಗ ಕೂಡಿವೆಯೇ, ಕುತ್ತಿಗೆಯ ಸ್ನಾಯು ಬಿಗಿದಿದೆಯೇ ಎಂದು ಮೊದಲು ಮಕ್ಕಳ ತಜ್ಞರಿಗೆ ತೋರಿಸಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಬೋರಲು ಹಾಕಿ, ನಿದ್ದೆಗೆ ಅಂಗಾತವೇ. ತೊಟ್ಟಿಲಿನಲ್ಲಿ ತಲೆಯಿಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ. ಅತ್ತೆಯವರು ಎಣ್ಣೆ ಹಚ್ಚಿ ಎರೆಯಲಿ, ತಡೆಯಬೇಡಿ; ತಲೆ ಒತ್ತಿ ದುಂಡಗೆ ಮಾಡುವುದು, ಬಟ್ಟೆಯ ಸಿಂಬೆ ಇಟ್ಟು ಮಲಗಿಸುವುದು ಮಾತ್ರ ಬೇಡ. ತಜ್ಞರನ್ನು ಕಾಣಲು ಈ ವಾರವೇ ವಿಜಯಪುರಕ್ಕೆ ಹೋಗಿಬನ್ನಿ.