ಕದಿರಿನಿಂದ ಗಿರಣಿಗೆ: ಆದಿ ಕೈಗಾರಿಕೆಯ ಕಾರಣಗಳೂ ಸಾಮಾಜಿಕ ಪರಿಣಾಮಗಳೂ

‘ಕೈಗಾರಿಕೆ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಮೊದಲು ದೊರೆಯುವುದು ‘ಕೈ’. ಬಳೆಗಾರ, ಮಾಲೆಗಾರ ಎಂಬಲ್ಲಿರುವ ‘ಗಾರ’ ಪ್ರತ್ಯಯ ಅದಕ್ಕೆ ಸೇರಿ, ಮೇಲೆ ‘ಇಕೆ’ ಎಂಬ ಭಾವಪ್ರತ್ಯಯ ಹತ್ತಿದೆ. ಅಂದರೆ ಕೈಯಿಂದ ಮಾಡುವವನ ಕೆಲಸವೇ ಕೈಗಾರಿಕೆ. ‘ಕಾರ್ಖಾನೆ’ಯಾದರೋ ಪಾರಸಿಯಿಂದ ಬಂದುದು, ಕೆಲಸದ ಮನೆ ಎಂದು ಅದರ ಅರ್ಥ. ಕೈಯಲ್ಲಿದ್ದ ಕೆಲಸ ಆ ದೊಡ್ಡ ಮನೆಯೊಳಗೆ ಹೋಗಿ ಯಂತ್ರದ ಪಾಲಾದರೂ ನಾವು ಅದನ್ನು ಕೈಗಾರಿಕೆ ಎಂದೇ ಕರೆಯುತ್ತಿದ್ದೇವೆ. ಹೆಸರಿನಲ್ಲಿ ಉಳಿದ ಈ ಕೈಗೆ ಬಾಳಿನಲ್ಲಿ ಏನಾಯಿತೆಂಬುದೇ ಪ್ರಸ್ತುತ ಲೇಖನದ ವಿಷಯ.

ಒಮ್ಮೆ ಈ ಪಾಠವನ್ನು ಹೇಳುತ್ತಿದ್ದಾಗ ಹುಮನಾಬಾದ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಗುರುಗಳೇ, ಸೊಲ್ಲಾಪುರಕ್ಕ ಗಿರಣಿ ಬಂತು, ಕಲಬುರಗಿಗಿ ಬಂತು, ನಮ್ಮೂರಿಗಿ ಯಾಕ ಬರಲಿಲ್ರಿ? ಬಂದಿದ್ರ ನಮ್ಮಪ್ಪ ಪುಣೆಕ್ಕ ಹೋಗ್ತಿದ್ದಿಲ್ಲ” ಎಂದನು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಬಾಲಕನಿಗೆ ಅಂದು ಪೂರ್ತಿಯಾಗಿ ಹೇಳಲಾಗದುದನ್ನು ಇಲ್ಲಿ ಹೇಳಲು ಯತ್ನಿಸಿದ್ದೇನೆ.

ಕಾರಣಗಳು

ಯಂತ್ರಯುಗದ ತವರು ಇಂಗ್ಲೆಂಡು. ಒಂದು ಮಗ್ಗಕ್ಕೆ ಬೇಕಾದ ನೂಲನ್ನು ಒದಗಿಸಲು ಹಲವರು ನೂಲಬೇಕಾಗಿತ್ತು. ಈ ಕೊರತೆಯೇ ಹೊಸ ಶೋಧಗಳಿಗೆ ಪ್ರೇರಣೆಯಾಯಿತು. ೧೭೬೪ರ ಸುಮಾರಿಗೆ ಹಾರ್ಗ್ರೀವ್ಸನು ಏಕಕಾಲಕ್ಕೆ ಹಲವು ಎಳೆಗಳನ್ನು ನೂಲುವ ಯಂತ್ರವನ್ನು ಮಾಡಿದನು. ೧೭೭೧ರಲ್ಲಿ ಆರ್ಕ್‌ರೈಟನು ಕ್ರಾಮ್‌ಫರ್ಡಿನಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿಯನ್ನು ಕಟ್ಟಿದನು. ಜೇಮ್ಸ್ ವಾಟನು ಸುಧಾರಿಸಿದ ಉಗಿಯಂತ್ರ ಬಂದ ಮೇಲೆ ಗಿರಣಿಗೆ ಹೊಳೆಯ ದಂಡೆಯೂ ಬೇಡವಾಯಿತು. ಕಲ್ಲಿದ್ದಲು ಇದ್ದರೆ ಸಾಕಾಯಿತು. ಶೋಧದ ಜೊತೆಗೆ ಬಂಡವಾಳ, ಕಲ್ಲಿದ್ದಲು, ಸಾಗರದಾಚೆಯ ಮಾರುಕಟ್ಟೆ, ಭೂಮಿ ತಪ್ಪಿ ಕೂಲಿಗೆ ನಿಂತ ಜನ, ಇವೆಲ್ಲವೂ ಅಲ್ಲಿ ಒಂದೆಡೆ ಕೂಡಿದವು. ಆ ಮಾರುಕಟ್ಟೆಗಳಲ್ಲಿ ನಮ್ಮ ದೇಶವೂ ಒಂದಾಗಿತ್ತೆಂಬುದನ್ನು ಮರೆಯಲಾಗದು. ಗಿರಣಿಯ ಅಗ್ಗದ ನೂಲು, ಬಟ್ಟೆಗಳು ಇಲ್ಲಿಯ ಸಂತೆಗೆ ಬಂದಂತೆ ಮನೆಮನೆಯ ಕದಿರು ನಿಂತಿತು; ಅನೇಕ ಕಡೆ ಮಗ್ಗವೂ ಸೊರಗಿತು.

ನಮ್ಮಲ್ಲಿ ಯಂತ್ರವು ಹತ್ತಿಯನ್ನು ಅರಸಿ, ರೈಲುಹಳಿಯ ಮೇಲೆ ಬಂದಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ಕುಂಠಿತವಾಗಿ, ಹಿಂದುಸ್ಥಾನದ ಅರಳೆಗೆ ಎಲ್ಲಿಲ್ಲದ ಬೆಲೆ ಬಂದಿತು. ಮುಂಬಯಿಯಲ್ಲಿ ಕಾವಸಜಿ ದಾವರರು ೧೮೫೪ರಲ್ಲಿಯೇ ಗಿರಣಿಯನ್ನು ಸ್ಥಾಪಿಸಿದ್ದರು. ೧೮೬೦ರಲ್ಲಿ ಸೊಲ್ಲಾಪುರಕ್ಕೆ ತಲುಪಿದ ರೈಲು, ಕಲಬುರಗಿಯನ್ನು ಹಾದು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಇದರ ಬೆನ್ನಲ್ಲೇ ೧೮೭೭ರಲ್ಲಿ ಸೊಲ್ಲಾಪುರದ ಮೊದಲ ಗಿರಣಿಯೂ, ೧೮೮೦ರ ದಶಕದಲ್ಲಿ ಆರನೆಯ ನಿಜಾಮರ ಹೆಸರು ಹೊತ್ತ ಕಲಬುರಗಿಯ ಮಹಬೂಬ ಶಾಹಿ ಗಿರಣಿಯೂ ತಲೆಯೆತ್ತಿದವು. ಜನರ ಬಾಯಲ್ಲಿ ಅದು ‘ಎಂ.ಎಸ್.ಕೆ. ಮಿಲ್ಲು’ ಆಯಿತು.

ಈಗ ಆ ಬಾಲಕನ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಉಗಿಯಂತ್ರಕ್ಕೆ ಕಲ್ಲಿದ್ದಲು ಬೇಕು. ನೂಲಿನ ಗಂಟುಗಳು ದೂರದ ಪೇಟೆಗೆ ಹೋಗಬೇಕು. ಎತ್ತಿನ ಬಂಡಿಯಿಂದ ಇವೆರಡೂ ಗಿಟ್ಟುವಂತಿರಲಿಲ್ಲ. ಹುಮನಾಬಾದವು ಸೊಲ್ಲಾಪುರ-ಹೈದರಾಬಾದು ಹೆದ್ದಾರಿಯ ಮೇಲಿದ್ದರೂ ಹಳಿಯ ಮೇಲಿರಲಿಲ್ಲ. ಬೀದರ-ಕಲಬುರಗಿ ರೈಲುಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು ೨೦೧೭ರ ಅಕ್ಟೋಬರಿನಲ್ಲಿ. ಕಲಬುರಗಿಗೆ ರೈಲು ಬಂದು ಆಗ ಸುಮಾರು ಒಂದೂವರೆ ಶತಮಾನವಾಗಿತ್ತು. ಬಸವಕಲ್ಯಾಣ ಪಟ್ಟಣವನ್ನು ಹಳಿ ಇನ್ನೂ ಮುಟ್ಟಿಲ್ಲ. ಅಲ್ಲದೆ ಕಲ್ಯಾಣವು ನವಾಬರ ಜಹಗೀರಾಗಿತ್ತು. ೧೯೪೯ರಲ್ಲಿ ಜಹಗೀರುಗಳು ರದ್ದಾಗುವವರೆಗೆ ಭೂಮಿಯ ಹುಟ್ಟುವಳಿ ಕಂದಾಯವಾಗಿ ಹೋಯಿತೇ ಹೊರತು ಯಂತ್ರಕ್ಕೆ ಬಂಡವಾಳವಾಗಲಿಲ್ಲ. ಗಿರಣಿ ನಮ್ಮೂರಿಗೆ ಬರಲಿಲ್ಲ. ನಮ್ಮವರೇ ಗಿರಣಿಯ ಊರಿಗೆ ಹೋಗಬೇಕಾಯಿತು.

ಪರಿಣಾಮಗಳು

ಮೊದಲನೆಯದು ಕಾಲದ ಬದಲಾವಣೆ. ಒಕ್ಕಲಿಗನಿಗೆ ಮಳೆಯ ನಕ್ಷತ್ರಗಳು ಗಡಿಯಾರ, ನೇಕಾರನಿಗೆ ಹಗಲಿನ ಬೆಳಕೇ ಗಡಿಯಾರ. ಗಿರಣಿಯ ಆಳಿಗೆ ಮಾತ್ರ ಭೋಂಗಾ. ಅದು ಕೂಗಿದಾಗ ಏಳಬೇಕು, ಕೂಗಿದಾಗ ಬಿಡಬೇಕು. ಸುಗ್ಗಿಯ ಕಾಳು ಹೋಗಿ ತಿಂಗಳ ಪಗಾರ ಬಂದಿತು. ಆಯ ಕೊಡುವ ರೈತ, ಆಯ ಪಡೆಯುವ ಬಡಿಗ ಕಮ್ಮಾರರ ನಡುವಿನ ತಲೆಮಾರುಗಳ ನಂಟು ರೊಕ್ಕದ ಲೆಕ್ಕಕ್ಕೆ ತಿರುಗಿತು.

ಎರಡನೆಯದು ಹೆಂಗಸರು ಮಕ್ಕಳ ಪಾಡು. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆಯ ಗಿರಣಿಯಲ್ಲಿ ದುಡಿಸಬಾರದೆಂದು ೧೮೩೩ರಲ್ಲಿ ಕಾಯಿದೆ ಮಾಡಬೇಕಾಯಿತು. ಬ್ರಿಟಿಷ್ ಹಿಂದುಸ್ಥಾನದ ೧೮೮೧ರ ಕಾಯಿದೆಯು ಏಳು ವರ್ಷದೊಳಗಿನವರನ್ನು ನಿಷೇಧಿಸಿ, ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ತಾಸಿನ ಮಿತಿ ಹಾಕಿತು. ಎಂಟು ವರ್ಷದ ಕೂಸಿಗೆ ಒಂಬತ್ತು ತಾಸು! ಅದನ್ನೂ ಸುಧಾರಣೆ ಎನ್ನಬೇಕಾದ ಕಾಲವದು. ನಿಜಾಮರ ಸಂಸ್ಥಾನಕ್ಕೆ ಆ ಕಾಯಿದೆಯೂ ಅನ್ವಯಿಸುತ್ತಿರಲಿಲ್ಲ.

ಮೂರನೆಯದು ಜಾತಿಯ ಪ್ರಶ್ನೆ. ಒಂದೇ ಸೂರಿನಡಿ ದುಡಿದರೆ ಭೇದ ಅಳಿದೀತೆಂದು ಕೆಲವರು ನಂಬಿದ್ದರು. ಆದರೆ ಮುಂಬಯಿಯ ಗಿರಣಿಗಳಲ್ಲಿ ನೇಯುವ ಖಾತೆಗೆ ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರವೇಶವಿರಲಿಲ್ಲ. ಲಾಳಿಯ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕಾಗಿದ್ದುದರಿಂದ ಎಂಜಲಿನ ನೆಪ ಮುಂದಾಗುತ್ತಿತ್ತು. ಹೆಚ್ಚು ಪಗಾರದ ಕೆಲಸ ಹೀಗೆ ಅವರ ಕೈ ತಪ್ಪುತ್ತಿತ್ತು. ೧೯೨೮ರ ದೊಡ್ಡ ಮುಷ್ಕರದ ವೇಳೆ ಡಾ. ಅಂಬೇಡ್ಕರರು ಈ ಅನ್ಯಾಯವನ್ನು ಮುಷ್ಕರದ ಮುಂದಾಳುಗಳ ಎದುರಿಗಿಟ್ಟರು. ಯಂತ್ರ ತಾನಾಗಿ ಸಮತೆ ತರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾಲ್ಕನೆಯದು ಸಂಘಶಕ್ತಿ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ೧೮೯೦ರಲ್ಲಿ ಮುಂಬಯಿಯ ಕಾರ್ಮಿಕರಿಗೆ ವಾರದ ರಜೆ ದೊರೆಯಿತು. ೧೯೩೦ರಲ್ಲಿ ಸೊಲ್ಲಾಪುರದ ಗಿರಣಿ ಕಾರ್ಮಿಕರು ಸ್ವಾತಂತ್ರ್ಯದ ಹೋರಾಟಕ್ಕೆ ಧುಮುಕಿದಾಗ ಸರ್ಕಾರವು ಅಲ್ಲಿ ಸೈನಿಕ ಶಾಸನ ಹೇರಿತು. ೧೯೩೧ರ ಜನವರಿ ೧೨ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಕಿಸನ್ ಸಾರಡಾ ಈ ನಾಲ್ವರು ಗಲ್ಲಿಗೇರಿದರು. ಗಿರಣಿಯ ಊರು ಬೇರೆ ಬೇರೆ ಜಾತಿಮತದವರನ್ನು ಹೆಗಲಿಗೆ ಹೆಗಲು ತಂದು ನಿಲ್ಲಿಸಬಲ್ಲುದೆಂಬುದಕ್ಕೆ ಈ ನಾಲ್ಕು ಹೆಸರುಗಳೇ ಸಾಕ್ಷಿ.

ಉಪಸಂಹಾರ

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರನ್ನು ನೆನೆಯಿರಿ: ಕದಿರ ರೆಮ್ಮವ್ವೆ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಕಸುಬೇ ಅವರ ಹೆಸರಿನ ಮೊದಲ ಪದ. ಅದು ನಾಚಿಕೆಯಲ್ಲ, ಗೌರವ. ಗಿರಣಿಯಲ್ಲಿ ದುಡಿದವನ ಹೆಸರು ಹಾಜರಿ ಪಟ್ಟಿಯ ಒಂದು ಸಂಖ್ಯೆಯಾಯಿತು. ಆದಿ ಕೈಗಾರಿಕೆಯ ನಿಜವಾದ ನಷ್ಟ ಇದೇ ಎಂದು ನನ್ನ ತಿಳಿವಳಿಕೆ. ಹಾಗೆಂದು ಕದಿರಿಗೆ ಮರಳುವ ಮಾತನ್ನು ನಾನು ಆಡುತ್ತಿಲ್ಲ. ಗಿರಣಿಯಿಂದಾಗಿ ಬಡವನ ಮೈಗೆ ಅಗ್ಗದ ಬಟ್ಟೆ ಬಂದಿತು. ಊರಿನ ಕಟ್ಟಳೆಗೆ ಬೇಸತ್ತವನಿಗೆ ಪಟ್ಟಣದ ದಾರಿ ತೆರೆಯಿತು. ಇದೂ ಸತ್ಯವೇ.

೧೯೯೦ರ ದಶಕದಲ್ಲಿ ಕಲಬುರಗಿಯ ಆ ಗಿರಣಿಯೂ ನಿಂತಿತು. ಹೆಸರು ಬಡಾವಣೆಗೆ ಉಳಿದಿದೆ. ಇಂದು ಹುಮನಾಬಾದದಲ್ಲಿ ಕೈಗಾರಿಕಾ ಪ್ರದೇಶವಿದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಕವಚ ಕಟ್ಟುವ ಸುತ್ತಿಗೆಯ ಸದ್ದಿದೆ. ತಡವಾಗಿಯಾದರೂ ಯಂತ್ರ ನಮ್ಮಂಗಳಕ್ಕೆ ಬಂದಿದೆ. ತಡವಾಗಿ ಬಂದುದರಿಂದ ಒಂದು ಲಾಭವೂ ಉಂಟು: ಮೊದಲು ನಡೆದವರು ಎಲ್ಲಿ ಎಡವಿದರೆಂಬುದು ನಮಗೆ ಗೊತ್ತಿದೆ. ಬಾಲಕರ ದುಡಿಮೆ, ಕೆಟ್ಟ ಗಾಳಿ ನೀರು, ಹೆಸರಿಲ್ಲದ ಆಳು, ಇವು ಇಲ್ಲಿ ಮರುಕಳಿಸಬೇಕಾಗಿಲ್ಲ. ಈ ಶಾಲೆಯಲ್ಲಿ ಕಲಿತು ಇಂದು ನಾಲ್ಕಾರು ಜನರಿಗೆ ಕೆಲಸ ಕೊಡುವಂತಾದ ಹಳೆಯ ವಿದ್ಯಾರ್ಥಿಗಳು ಬಟವಡೆಯ ದಿನ ಪ್ರತಿಯೊಬ್ಬ ಆಳನ್ನೂ ಹೆಸರು ಹಿಡಿದು ಕರೆಯಲಿ. ‘ಕೈಗಾರಿಕೆ’ಯಲ್ಲಿರುವ ಕೈಗೆ ಆಗ ತನ್ನ ಮಾನ ಮರಳಿ ಬರುತ್ತದೆ; ಆ ಬಾಲಕನ ತಂದೆಗೂ ಪುಣೆಯಿಂದ ಊರಿಗೆ ಮರಳುವ ಮನಸ್ಸಾದೀತು.