ಡಬ್ಬಿಯಲ್ಲಿರುವ ಓತಿಕ್ಯಾತದ ಮರಿ ನಿದ್ರಿಸುತ್ತಿದೆಯೇ?: ಶಿಶಿರನಿದ್ರೆಯ ಪಾಠಕ್ಕೊಂದು ಯೋಜನೆ

ವಿಷಯ: ವಿಜ್ಞಾನ. ತರಗತಿ: 8. ಅವಧಿ: 40 ನಿಮಿಷ.

ಪೀಠಿಕೆ

ಶಿಶಿರನಿದ್ರೆಯ ಪಾಠ ಸಾಮಾನ್ಯವಾಗಿ ಹಿಮ ಬೀಳುವ ದೇಶಗಳ ಉದಾಹರಣೆಯಿಂದ ಆರಂಭವಾಗಿ, "ಹಲ್ಲಿ, ಓತಿಕ್ಯಾತಗಳು ಚಳಿಗಾಲದಲ್ಲಿ ನಿದ್ರಿಸುತ್ತವೆ" ಎಂಬ ವಾಕ್ಯದಲ್ಲಿ ಮುಗಿಯುತ್ತದೆ. ಓತಿಕ್ಯಾತದ ಮರಿಯನ್ನು ಡಬ್ಬಿಯಲ್ಲಿಟ್ಟು ಸಾಕುವ ವಿದ್ಯಾರ್ಥಿ ಈ ವಾಕ್ಯವನ್ನು ತನ್ನ ಮರಿಗೂ ಅನ್ವಯಿಸಿಕೊಳ್ಳುತ್ತಾನೆ. ಬೆಳಿಗ್ಗೆ ಅಲುಗಾಡದೆ ಬಿದ್ದಿರುವ ಮರಿ ನಿದ್ರೆಯಲ್ಲಿದೆ ಎಂದುಕೊಂಡು ಮುಚ್ಚಳ ಹಾಕುತ್ತಾನೆ. ಆ ಮರಿ ಹಸಿವು, ಬಾಯಾರಿಕೆಯಿಂದ ಸಾಯುತ್ತಿರಲೂಬಹುದು. ನಿದ್ರೆಗೂ ನಿತ್ರಾಣಕ್ಕೂ ಇರುವ ವ್ಯತ್ಯಾಸವನ್ನು ತಿಳಿಸುವುದೇ ಈ ಪಾಠದ ಗುರಿ.

ಕಲಿಕಾ ಫಲಗಳು

1. ಶೀತರಕ್ತ ಪ್ರಾಣಿಯ ದೇಹದ ಉಷ್ಣತೆ ಪರಿಸರವನ್ನು ಅವಲಂಬಿಸಿದೆ ಎಂದು ವಿವರಿಸುವನು.
2. ಮರಿಗಳು ಬೇಗ ನಿತ್ರಾಣಗೊಳ್ಳಲು ಕಾರಣ ನೀಡುವನು.
3. ತನ್ನ ಊರಿನ ಹವಾಮಾನಕ್ಕೆ ಶಿಶಿರನಿದ್ರೆ ಅನ್ವಯಿಸುತ್ತದೆಯೇ ಎಂದು ಪರಿಶೀಲಿಸುವನು.

ಚಟುವಟಿಕೆ

ಒಂದೇ ಆಕಾರದ ದೊಡ್ಡ ಮತ್ತು ಚಿಕ್ಕ ಬಾಟಲಿಗಳಲ್ಲಿ 45 ಡಿಗ್ರಿ ಸೆಲ್ಸಿಯಸ್‌ನ ನೀರು ತುಂಬಿ ನೆರಳಿನಲ್ಲಿಡಬೇಕು. ಐದೈದು ನಿಮಿಷಕ್ಕೆ ಉಷ್ಣತೆ ಅಳೆದು ಕೋಷ್ಟಕದಲ್ಲಿ ಬರೆಯಬೇಕು. ಚಿಕ್ಕ ಬಾಟಲಿ ಬೇಗ ತಣ್ಣಗಾಗುತ್ತದೆ. ಅದೇ ವೇಳೆಗೆ ಒಬ್ಬ ವಿದ್ಯಾರ್ಥಿಯ ದೇಹದ ಉಷ್ಣತೆ ಅಳೆದರೆ ಅದು ಸುಮಾರು 37 ಡಿಗ್ರಿಯಲ್ಲೇ ಇರುತ್ತದೆ. ಜೀವಂತ ಪ್ರಾಣಿಯನ್ನು ತರಗತಿಗೆ ತರಬಾರದು. ಬಾಟಲಿಯೇ ಇಲ್ಲಿ ಓತಿಕ್ಯಾತದ ಮಾದರಿ.

ವಿವರಣೆ

ಚಳಿಯಲ್ಲಿ ಓತಿಕ್ಯಾತದ ಚಲನೆ, ಉಸಿರಾಟ, ಪಚನ ಎಲ್ಲವೂ ನಿಧಾನವಾಗುತ್ತವೆ. ಬಿಸಿಲು ಕಾಯಿಸಿಕೊಂಡ ನಂತರವೇ ಅದು ಚುರುಕಾಗುತ್ತದೆ. ಥಾರ್ ಮರುಭೂಮಿಯ ಮುಳ್ಳುಬಾಲದ ಹಲ್ಲಿ ಚಳಿಗಾಲವನ್ನು ಬಿಲದೊಳಗೆ ಕಳೆಯುತ್ತದೆ. ದೇಹದಲ್ಲಿ ಕೂಡಿಟ್ಟ ಕೊಬ್ಬು ಆಗ ಅದಕ್ಕೆ ಆಧಾರ. ರಾಯಚೂರು ಜಿಲ್ಲೆಯಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಇದ್ದರೂ ಮಧ್ಯಾಹ್ನ 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಆದ್ದರಿಂದ ನಮ್ಮ ಬೇಲಿಯ ಓತಿಕ್ಯಾತ ಬೆಳಿಗ್ಗೆ ಜಡವಾಗಿದ್ದು, ಬಿಸಿಲೇರಿದಾಗ ಹೊರಬರುತ್ತದೆ. ತಿಂಗಳುಗಟ್ಟಲೆ ಮಲಗುವ ಅಗತ್ಯ ಅದಕ್ಕಿಲ್ಲ.

ಓತಿಕ್ಯಾತ ಮಳೆಗಾಲದಲ್ಲಿ ಹಸಿ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ಚಳಿಗಾಲಕ್ಕೆ ಮರಿಗಳ ವಯಸ್ಸು ಕೆಲವೇ ತಿಂಗಳು. ಅವುಗಳಲ್ಲಿ ಕೊಬ್ಬಿನ ಸಂಗ್ರಹ ಕಡಿಮೆ. ಚಿಕ್ಕ ಬಾಟಲಿಯಂತೆ ದೇಹದ ಶಾಖವೂ, ನೀರೂ ಬೇಗ ಕಡಿಮೆಯಾಗುತ್ತವೆ. ವಿದೇಶಗಳಲ್ಲಿ ಗೆಕ್ಕೊ ಮುಂತಾದ ಹಲ್ಲಿಗಳನ್ನು ಸಾಕುವ ಅನುಭವಿಗಳು ಕೂಡ ಮೊದಲ ವರ್ಷದ ಮರಿಗಳನ್ನು ಸಾಮಾನ್ಯವಾಗಿ ಶಿಶಿರನಿದ್ರೆಗೆ ಒಳಪಡಿಸುವುದಿಲ್ಲ.

ವಿಸ್ತರಣೆ

ಮರಿ ಜಡವಾಗಿದ್ದರೆ ಬಾಯಿಗೆ ಆಹಾರ ತುರುಕಬಾರದು. ತಣ್ಣಗಿನ ದೇಹದಲ್ಲಿ ಅದು ಜೀರ್ಣವಾಗುವುದಿಲ್ಲ. ಮುಚ್ಚಿದ ಗಾಜಿನ ಬಾಟಲಿಯನ್ನು ಬಿಸಿಲಿಗಿಡುವುದೂ ಅಪಾಯ. ಒಳಗಿನ ಗಾಳಿ ಬೇಗ ಕಾದು ಮರಿ ಸಾಯುತ್ತದೆ. ಎಲ್ಲಿ ಹಿಡಿದರೋ ಅದೇ ಬೇಲಿಯ ಬುಡದಲ್ಲಿ, ಎಳೆಬಿಸಿಲೂ ನೆರಳೂ ಇರುವ ಕಡೆ ಬಿಡುವುದೇ ಸರಿ. ಉಡದ ಮರಿಯನ್ನಂತೂ ಹಿಡಿಯಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮೌಲ್ಯಮಾಪನ

1. ಜನವರಿಯ ಬೆಳಿಗ್ಗೆ 7 ಗಂಟೆಗೆ ಅಲುಗಾಡದ ಮರಿ 11 ಗಂಟೆಯ ಬಿಸಿಲಿಗೆ ಓಡಿತು. ಕಾರಣವೇನು?
2. ಇನ್ನೊಂದು ಮರಿ ಬೆಚ್ಚಗಿನ ಜಾಗದಲ್ಲೂ ಅಲುಗಾಡಲಿಲ್ಲ. ಅದನ್ನು ಶಿಶಿರನಿದ್ರೆ ಎನ್ನಬಹುದೇ? ಏಕೆ?

ಮನೆಗೆಲಸ

ಮೂರು ದಿನ ಬೇಲಿಯ ಓತಿಕ್ಯಾತವನ್ನು ದೂರದಿಂದಲೇ ಗಮನಿಸಿ, ಅದು ಬಿಸಿಲಿಗೆ ಬಂದ ಮತ್ತು ನೆರಳಿಗೆ ಸರಿದ ಸಮಯವನ್ನು ಬರೆಯಿರಿ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಎರಡನೆಯ ಪ್ರಶ್ನೆಯೇ ಪಾಠದ ನಿಜವಾದ ಪರೀಕ್ಷೆ. "ನಿದ್ರೆ" ಎಂಬ ಉತ್ತರ ಬಂದರೆ ವ್ಯಾಖ್ಯೆಯನ್ನು ಮತ್ತೆ ಹೇಳಿಸಬೇಡಿ. ಕೋಷ್ಟಕದ ಅಂಕಿಗಳಿಗೆ ಮರಳಿ, ಬೆಚ್ಚಗಾದ ಮೇಲೂ ಏಳದ ದೇಹಕ್ಕೆ ಚಳಿ ಹೇಗೆ ಕಾರಣವಾದೀತು ಎಂದು ಕೇಳಿ. ಉಳಿದದ್ದನ್ನು ಮಕ್ಕಳೇ ಹೇಳುತ್ತಾರೆ.