ಆಸ್ಪಿರಿನ್ ಮಾತ್ರೆಯ ಅಂಶಮಾಪನ: ತಾಳೆಯಾದ ಲೆಕ್ಕವೊಂದೇ ಸಾಲದು

ಆಸ್ಪಿರಿನ್ ಮಾತ್ರೆಯ ಔಷಧಾಂಶವನ್ನು ಅಳೆಯುವ ಕ್ರಮವು ಮುಂಗಡದ ಲೆಕ್ಕವನ್ನು ಹೋಲುತ್ತದೆ: ಕೊಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ಖರ್ಚು ತಿಳಿಯುತ್ತದೆ. 20 ಮಾತ್ರೆಗಳನ್ನು ತೂಗಿ, ಪುಡಿಮಾಡಿ, ಸುಮಾರು 0.5 ಗ್ರಾಂ ಆಸ್ಪಿರಿನ್ ಇರುವಷ್ಟು ಪುಡಿಯನ್ನು ನಿಶ್ಚಿತ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ, ಉಳಿದ ಕ್ಷಾರವನ್ನು ಆಮ್ಲದಿಂದ ಟೈಟ್ರೇಷನ್ ಮಾಡಿ ಅಳೆಯಲಾಗುತ್ತದೆ. ಖರ್ಚಾದ 0.5 ಮೋಲಾರ್ ಕ್ಷಾರದ ಪ್ರತಿಯೊಂದು ಮಿಲಿಲೀಟರ್ 45.04 ಮಿಲಿಗ್ರಾಂ ಆಸ್ಪಿರಿನ್ನಿಗೆ ಸಮ.

ಆದರೆ ತೇವ ತಗುಲಿದ ಆಸ್ಪಿರಿನ್ ಸ್ಯಾಲಿಸಿಲಿಕ್ ಹಾಗೂ ಅಸಿಟಿಕ್ ಆಮ್ಲಗಳಾಗಿ ಒಡೆಯುತ್ತದೆ; ಇವೆರಡೂ ಸೇರಿ ಅಷ್ಟೇ ಕ್ಷಾರವನ್ನು ವ್ಯಯಿಸುತ್ತವೆ. ಲೆಕ್ಕ ತಾಳೆಯಾದರೂ ಸರಕು ಕೆಟ್ಟಿರಬಹುದು. ಆದುದರಿಂದ ತಯಾರಕರು ಸ್ಯಾಲಿಸಿಲಿಕ್ ಆಮ್ಲದ ಪ್ರತ್ಯೇಕ ಪರೀಕ್ಷೆಯ ವರದಿಯನ್ನೂ ಪರಿಶೀಲಿಸತಕ್ಕದ್ದು. ವ್ಯಾಪಾರಿಗಳು ದಾಸ್ತಾನನ್ನು ತೇವವಿಲ್ಲದ ಸ್ಥಳದಲ್ಲಿರಿಸತಕ್ಕದ್ದು.